ಬಿಟ್ಟರೆ ಬೀಳುವ ವಾಹನ

ಮನುಷ್ಯನು ಕಟ್ಟಿದ ವಾಹನಗಳು ಸಾಮಾನ್ಯವಾಗಿ ಬಿಟ್ಟ ಕಡೆ ನಿಲ್ಲುತ್ತವೆ. ಬಸ್ಸು ನಿಲ್ಲುತ್ತದೆ, ಕಾರು ನಿಲ್ಲುತ್ತದೆ, ಆಟೋರಿಕ್ಷಾ ಮುಕ್ಕಾಲು ಪೀಠದಂತೆ ಮೂರು ಕಾಲೂರಿ ನಿಲ್ಲುತ್ತದೆ. ಎತ್ತಿನ ಗಾಡಿಗೆ ಚಕ್ರಗಳು ಎರಡೇ ಆದರೂ ಅವು ಅಕ್ಕಪಕ್ಕದಲ್ಲಿರುವುದರಿಂದ, ಎತ್ತುಗಳನ್ನು ಬಿಚ್ಚಿದ ಮೇಲೆ ಅದೂ ನೊಗವನ್ನು ನೆಲಕ್ಕೂರಿ ನೆಮ್ಮದಿಯಾಗಿ ನಿಲ್ಲುತ್ತದೆ. ಒಂದರ ಹಿಂದೆ ಒಂದರಂತೆ ಚಕ್ರಗಳನ್ನು ಇಟ್ಟುಕೊಂಡಿರುವ ಸೈಕಲ್ಲು, ಸ್ಕೂಟರು, ಮೋಟಾರು ಸೈಕಲ್ಲುಗಳ ಮಾತು ಬೇರೆ. ಕೈಬಿಟ್ಟರೆ ಬೀಳುವುದೇ ಅವುಗಳ ಸ್ವಭಾವ. ಸ್ಟ್ಯಾಂಡು ಎಂಬ ಊರುಗೋಲನ್ನು ಕೊಡದಿದ್ದರೆ ಅವು ಗೋಡೆಯನ್ನೋ ಮರವನ್ನೋ ಆತುಕೊಳ್ಳಬೇಕು.

ನಿಂತಾಗ ಬೀಳುವ ಈ ವಾಹನ ಓಡುವಾಗ ಏಕೆ ಬೀಳುವುದಿಲ್ಲ? ಸೈಕಲ್ಲು ಕಲಿತವರೆಲ್ಲರ ಕೈಗೂ ಇದರ ಉತ್ತರ ಗೊತ್ತು. ಬಾಯಿಗೆ ಮಾತ್ರ ಗೊತ್ತಿರುವುದಿಲ್ಲ. ಕಲಿಸುವವರು ಹಿಂದಿನಿಂದ ಸೀಟನ್ನು ಹಿಡಿದು ಓಡುತ್ತ ಕೊಡುವ ಮೊದಲನೆಯ ಉಪದೇಶವೆಂದರೆ, "ಯಾವ ಕಡೆಗೆ ವಾಲುತ್ತದೋ ಆ ಕಡೆಗೇ ಹ್ಯಾಂಡಲ್ಲು ತಿರುಗಿಸು" ಎಂಬುದು. ಬೀಳುವ ಕಡೆಗೇ ಹೋಗೆನ್ನುವ ಈ ಮಾತು ಹೊಸಬನಿಗೆ ವಿಪರೀತವಾಗಿ ತೋರುತ್ತದೆ. ಆದರೆ ಹಾಗೆ ತಿರುಗಿಸಿದಾಗ ಚಕ್ರಗಳು ವಾಲಿದ ದೇಹದ ಅಡಿಗೆ ಬರುತ್ತವೆ, ವಾಹನ ನೆಟ್ಟಗಾಗುತ್ತದೆ, ಮರುಕ್ಷಣದಲ್ಲಿಯೇ ಇನ್ನೊಂದು ಕಡೆಗೆ ವಾಲುತ್ತದೆ. ವೇಗ ಹೆಚ್ಚಿದಂತೆ ಈ ಕೆಲಸದ ಬಹುಪಾಲನ್ನು ವಾಹನವೇ ವಹಿಸಿಕೊಳ್ಳುತ್ತದೆ. ನಿಧಾನವಾದೊಡನೆ ಅದನ್ನು ಮತ್ತೆ ಸವಾರನಿಗೆ ಒಪ್ಪಿಸಿಬಿಡುತ್ತದೆ. ನೇರವಾದ ಸವಾರಿಯೆಂದು ನಾವು ಕರೆಯುವುದು ಕಣ್ಣಿಗೆ ಕಾಣದ ನೂರಾರು ಬೀಳುವಿಕೆಗಳನ್ನೂ ಏಳುವಿಕೆಗಳನ್ನೂ ಪೋಣಿಸಿದ ಒಂದು ಸರ. ಕಾರಿನಲ್ಲಿ ಕುಳಿತವನು ಕಾರಿನ ಒಳಗೆ ಇರುತ್ತಾನೆ, ಅಷ್ಟೆ. ಮೋಟಾರು ಸೈಕಲ್ಲಿನ ಸವಾರನಾದರೋ ಅದರ ಒಂದು ಅಂಗವೇ ಆಗಿರುತ್ತಾನೆ. ಬೇರೆ ಅಂಗಗಳು ಸಡಿಲವಾದರೆ ಅವನಿಗೆ ಕೇಡು. ಅವನು ಸಡಿಲವಾದರೆ ಎಲ್ಲಕ್ಕೂ ಕೇಡು.

ಈ ತತ್ತ್ವವನ್ನು ನಾನು ತಿಳಿದುಕೊಂಡದ್ದು ನಮ್ಮ ಮನೆಯ ಜಾವಾ ಮೋಟಾರು ಸೈಕಲ್ಲಿನಿಂದ. ನಮ್ಮ ತಂದೆಯವರು ಮೈಸೂರಿನಿಂದ 18 ಕಿಲೋಮೀಟರು ದೂರದಲ್ಲಿ, ಹೆಗ್ಗಡದೇವನಕೋಟೆಯ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ, ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರಾಗಿದ್ದರು. ಬೆಳಗಿನ ಬಸ್ಸು ಒಂದು ದಿನ ಬಂದರೆ ಇನ್ನೊಂದು ದಿನ ಬರುತ್ತಿರಲಿಲ್ಲ. 1973ರಲ್ಲಿ, ಬೇರೆ ಊರಿಗೆ ವರ್ಗವಾಗಿ ಹೊರಟಿದ್ದ ಒಬ್ಬ ಬ್ಯಾಂಕು ಗುಮಾಸ್ತರಿಂದ ಅವರು ಆ ಜಾವಾವನ್ನು ಕೊಂಡು ತಂದರು. ಹೊಸ ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಮಗಳು ಹುಟ್ಟಿದಾಗ ಹಣ ಕಟ್ಟಿದವನಿಗೆ ಅವಳ ಮದುವೆಯ ಹೊತ್ತಿಗೆ ಸ್ಕೂಟರು ಬರುತ್ತದೆಂದು ಜನ ಹಾಸ್ಯ ಮಾಡುತ್ತಿದ್ದರು. ಆದುದರಿಂದ ಬಳಸಿದ ವಾಹನವಾದರೂ ಚಿಂತೆಯಿಲ್ಲ, ಕೈಗೆ ಸಿಕ್ಕಿತಲ್ಲ ಎಂದು ಮನೆಯವರೆಲ್ಲ ಸಂತೋಷಪಟ್ಟರು. ಅಮ್ಮ ಅದಕ್ಕೆ ಆರತಿ ಎತ್ತಿ, ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನಿಟ್ಟರು.

ಜಾವಾ ಎಂದರೆ ಮೈಸೂರಿನವರಿಗೆ ಮನೆಯ ಮಗುವಿನ ಹೆಸರಿದ್ದಂತೆ. ಆದರೆ ಆ ಹೆಸರು ಹುಟ್ಟಿದ್ದು ದೂರದ ಚೆಕೊಸ್ಲೊವಾಕಿಯಾದಲ್ಲಿ. ಶಸ್ತ್ರಾಸ್ತ್ರಗಳನ್ನು ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಸೇರಿಸಿ ಈ ಹೆಸರನ್ನು ಮಾಡಿದನು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಪ್ರಾರಂಭವಾಗಿ, 1961ರಿಂದ ಇಲ್ಲಿಯೇ ಈ ವಾಹನಗಳು ತಯಾರಾಗತೊಡಗಿದವು. ಎಪ್ಪತ್ತರ ದಶಕದಲ್ಲಿ ಅವುಗಳ ಹೆಸರು ಯೆಜ್ಡಿ ಎಂದು ಬದಲಾಯಿತು. ಹೆಸರು ಬದಲಾದರೂ ಬಹುಮಂದಿ ಹಿರಿಯರು ಎರಡನ್ನೂ ಜಾವಾ ಎಂದೇ ಕರೆಯುತ್ತಿದ್ದರು. ಹೊಸ ಗಾಡಿಗಳು ಊರಿನ ಬೀದಿಗಳಲ್ಲಿ ಓಡಾಡುವಾಗ ಹುಡುಗರಾದ ನಾವು ಆಟ ನಿಲ್ಲಿಸಿ ನೋಡುತ್ತಿದ್ದೆವು.

ಆ ಯಂತ್ರಕ್ಕೆ ತನ್ನದೇ ಆದ ಚರ್ಯೆಗಳಿದ್ದವು. ಅದರ ಕಿಕ್ಕು ಇದ್ದುದು ಎಡಗಡೆಗೆ, ಎಡಗಾಲಿನಿಂದ ಒದೆಯಬೇಕು. ಒದ್ದು ಚಾಲು ಮಾಡಿದ ಮೇಲೆ ಅದೇ ಸನ್ನೆಯನ್ನು ಒಳಕ್ಕೆ ಒತ್ತಿ ಮುಂದಕ್ಕೆ ಮಡಿಸಿದರೆ ಅದೇ ಗೇರಿನ ಸನ್ನೆಯೂ ಆಗುತ್ತಿತ್ತು. ಒಂದೇ ಸಿಲಿಂಡರಿದ್ದರೂ ಸೈಲೆನ್ಸರುಗಳು ಎರಡು. ಬೆಳಗಿನ ಚಳಿಯಲ್ಲಿ ಕಾರ್ಬುರೇಟರಿನ ಮೇಲಿರುವ ಒಂದು ಚಿಕ್ಕ ಗುಂಡಿಯನ್ನು ಪೆಟ್ರೋಲು ಜಿನುಗುವವರೆಗೆ ಒತ್ತಿ ಆಮೇಲೆ ಒದೆಯಬೇಕು. ಹೆಚ್ಚು ಒತ್ತಿದರೆ ಪ್ಲಗ್ಗು ಒದ್ದೆಯಾಗಿ ಮುನಿಸಿಕೊಳ್ಳುತ್ತಿತ್ತು. ಎಷ್ಟು ಒತ್ತಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು; ಉಪ್ಪಿಟ್ಟಿಗೆ ಉಪ್ಪು ಹಾಕುವ ಕೈಗೆ ತಿಳಿಯುವಂತೆ ಅದು ತಿಳಿಯಬೇಕು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕಾಗಿತ್ತು. ಒಂದು ಲೀಟರಿಗೆ ಸುಮಾರು 40 ಮಿಲಿಲೀಟರು. ಕಡಮೆಯಾದರೆ ಒಳಗಿನ ಪಿಸ್ಟನ್ನು ಬಿಸಿಯೇರಿ ಬಿಗಿದುಕೊಳ್ಳುವ ಅಪಾಯ. ಹೆಚ್ಚಾದರೆ ಹಿಂದೆ ನೀಲಿಯ ಹೊಗೆ. ಆ ಹೊಗೆ ನೋಡಲು ಗಂಭೀರವಾಗಿ ಕಾಣುತ್ತಿದ್ದರೂ ಹಿಂದಿನಿಂದ ಬರುವವರ ಶ್ವಾಸಕೋಶಕ್ಕೆ ಅದು ಉಪಕಾರವನ್ನೇನೂ ಮಾಡುತ್ತಿರಲಿಲ್ಲ. ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಹೊಗಳಬೇಕಾಗಿಲ್ಲ.

ಭಾನುವಾರ ಬೆಳಗ್ಗೆ ತಂದೆಯವರು ಹಳೆಯ ಪಂಚೆಯೊಂದನ್ನು ಎತ್ತಿಕಟ್ಟಿ, ಹಿತ್ತಿಲಿನ ಸೀಬೆಯ ಮರದ ಕೆಳಗೆ ಜಾವಾವನ್ನು ನಿಲ್ಲಿಸಿಕೊಂಡು ಕುಳಿತುಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುವವನು. ಬಿಚ್ಚಿದ ಸ್ಕ್ರೂ, ನಟ್ಟು, ವಾಷರುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯ ಅಂಚಿನುದ್ದಕ್ಕೂ ಜೋಡಿಸುವುದು ನನ್ನ ಕೆಲಸ. ಪ್ಲಗ್ಗನ್ನು ಬಿಚ್ಚಿ ಅದರ ಮೂತಿಯನ್ನು ಅವರು ನೋಡುತ್ತಿದ್ದ ರೀತಿ, ವೈದ್ಯರು ನಾಲಗೆಯನ್ನು ನೋಡುವ ರೀತಿಯದು. ಕಂದು ಬಣ್ಣವಿದ್ದರೆ ಆರೋಗ್ಯ. ಕಪ್ಪು ಮಸಿಯಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು. ಬಿಳಿಚಿಕೊಂಡಿದ್ದರೆ ಎಂಜಿನ್ನು ಅತಿಯಾಗಿ ಕಾಯುತ್ತಿದೆ. ವರ್ಷಕ್ಕೊಮ್ಮೆ ಸೈಲೆನ್ಸರುಗಳನ್ನು ಕಳಚಿ ಒಳಗೆ ಹೆಪ್ಪುಗಟ್ಟಿದ ಮಸಿಯನ್ನು ಕೆರೆಯುವ ದೊಡ್ಡ ಹಬ್ಬವಿರುತ್ತಿತ್ತು. ಆ ದಿನ ನಮ್ಮಿಬ್ಬರನ್ನೂ ಸ್ನಾನ ಮಾಡದೆ ನಡುಮನೆಗೆ ಬಿಡುತ್ತಿರಲಿಲ್ಲ.

ಆದರೆ ಎಂಜಿನ್ನಿಗಿಂತಲೂ ಅವರು ಹೆಚ್ಚು ಗಮನವನ್ನು ಕೊಡುತ್ತಿದ್ದುದು ಟೈರು, ಬ್ರೇಕು, ತಂತಿಗಳಿಗೆ. "ಎಂಜಿನ್ನು ಕೆಟ್ಟರೆ ನಿಂತುಹೋಗುತ್ತೇವೆ, ಬ್ರೇಕು ಕೆಟ್ಟರೆ ನಿಲ್ಲದೇ ಹೋಗುತ್ತೇವೆ" ಎಂಬುದು ಅವರ ಮಾತು. ಚಲಿಸುತ್ತಿರುವ ಮೋಟಾರು ಸೈಕಲ್ಲಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚು ಕಡಮೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಸವಾರ, ಹಿಂದೆ ಕುಳಿತವರು, ಅವರ ಚೀಲ, ಅವರ ಮಕ್ಕಳು, ಇಷ್ಟೆಲ್ಲ ಸಂಸಾರವೂ ಆ ಎರಡು ಅಂಗೈಗಳ ಹಿಡಿತದಲ್ಲಿರುತ್ತದೆ. ಗಾಳಿ ಕಡಮೆಯಾದ ಟೈರು ತಿರುವಿನಲ್ಲಿ ತೂಗಾಡುತ್ತದೆ. ಗೀರುಗಳು ಸವೆದು ಬೋಳಾದ ಟೈರು ಮಳೆಯ ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ಜಾರುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಮೇಸ್ತ್ರಿಯ ಅಂಗಡಿಯಿತ್ತು. ಆತ ಓದಿದವನಲ್ಲ, ಆದರೆ ಕಿವಿಯಿಂದಲೇ ಗಾಡಿಯ ಜಾತಕವನ್ನು ಹೇಳಬಲ್ಲವನಾಗಿದ್ದ. ಗಾಡಿ ಬೀದಿಯ ತಿರುವಿನಲ್ಲಿ ಬರುತ್ತಿರುವಾಗಲೇ, "ಮೇಷ್ಟ್ರ ಗಾಡಿಯ ಚೈನು ಸಡಿಲವಾಗಿದೆ" ಎಂದು ಹುಡುಗನಿಗೆ ಸ್ಪ್ಯಾನರು ತರಲು ಹೇಳುತ್ತಿದ್ದ. ಒಮ್ಮೆ ತಂದೆಯವರು ಶಾಲೆಗೆ ಹೊರಡುವ ಅವಸರದಲ್ಲಿ ಪಂಕ್ಚರು ಹಾಕಿಸಿಕೊಳ್ಳಲು ಅಲ್ಲಿಗೆ ಹೋದರು. ಮೇಸ್ತ್ರಿ ಪಂಕ್ಚರು ಹಾಕಿದ. ಗಾಡಿಯ ಕೀಲಿಕೈಯನ್ನು ಮಾತ್ರ ಕೊಡಲಿಲ್ಲ. ಮುಂದಿನ ಬ್ರೇಕಿನ ಸನ್ನೆಯ ಬುಡದಲ್ಲಿ ತಂತಿಯ ಎಳೆಗಳನ್ನು ಬೆರಳಿನಿಂದ ಬಿಡಿಸಿ ತೋರಿಸಿದ. ಹೆಣೆದ ಎಳೆಗಳಲ್ಲಿ ನಾಲ್ಕೈದು ಕಿತ್ತುಹೋಗಿ ಬೆಕ್ಕಿನ ಮೀಸೆಯಂತೆ ನೆಟ್ಟಗೆ ನಿಂತಿದ್ದವು.

"ಸಂಜೆ ಬಂದು ಹಾಕಿಸಿಕೊಳ್ಳುತ್ತೇನೆ, ಮೇಸ್ತ್ರಿ. ಪ್ರಾರ್ಥನೆಯ ವೇಳೆಯಾಯಿತು" ಎಂದರು ತಂದೆಯವರು.

"ಸಂಜೆ ನೀವು ಬರಬೇಕಾದರೆ ಈಗಲೇ ಹಾಕಬೇಕು, ಮೇಷ್ಟ್ರೇ" ಎಂದು ಅವನು ಹಳೆಯ ತಂತಿಯನ್ನು ಕತ್ತರಿಸಿಯೇಬಿಟ್ಟ.

ಅಂದು ತಂದೆಯವರು ಶಾಲೆಗೆ ಅರ್ಧ ಗಂಟೆ ತಡವಾಗಿ ಹೋದರು. ಆದರೆ ಮುಂದೆಂದೂ ಆ ಮೇಸ್ತ್ರಿಯನ್ನು ಬಿಟ್ಟು ಬೇರೊಬ್ಬನ ಬಳಿಗೆ ಹೋಗಲಿಲ್ಲ. ತಂತಿ ಒಮ್ಮೆಲೇ ಕಡಿಯುವುದಿಲ್ಲ. ಒಂದೊಂದೇ ಎಳೆಯಾಗಿ, ವಾರಗಟ್ಟಲೆ ಮುನ್ಸೂಚನೆಯನ್ನು ಕೊಟ್ಟು ಕಡಿಯುತ್ತದೆ. ಕಡೆಯ ಎಳೆ ಕಡಿಯುವುದು ಮಾತ್ರ, ಬ್ರೇಕನ್ನು ಬಲವಾಗಿ ಹಿಡಿದಾಗ. ಎಂದರೆ ಅದು ಅತ್ಯಂತ ಅಗತ್ಯವಾಗಿ ಬೇಕಾದಾಗ.

ಮುಂದಿನ ಬ್ರೇಕಿನ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಬೇಕು. ಮುಂದಿನ ಬ್ರೇಕು ಹಿಡಿದರೆ ಗಾಡಿ ಮುಗ್ಗರಿಸುತ್ತದೆಂದು ಹೆದರಿ ಹಿಂದಿನದನ್ನೊಂದೇ ತುಳಿಯುವವರು ನಮ್ಮಲ್ಲಿ ಬಹಳ. ಬಸ್ಸು ತಟ್ಟನೆ ನಿಂತಾಗ ಒಳಗಿನ ಜನರೆಲ್ಲ ಮುಂದಕ್ಕೆ ವಾಲುವುದನ್ನು ನೀವು ನೋಡಿದ್ದೀರಿ. ಮೋಟಾರು ಸೈಕಲ್ಲಿನಲ್ಲಿಯೂ ಬ್ರೇಕು ಹಾಕಿದೊಡನೆ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗಿ ನೆಲದ ಹಿಡಿತವನ್ನು ಕಳೆದುಕೊಳ್ಳುತ್ತದೆ. ಹಗುರಾದ ಚಕ್ರವನ್ನು ಎಷ್ಟು ಬಿಗಿದರೇನು? ಅದು ಜಾರುತ್ತದೆ, ನಿಲ್ಲಿಸುವುದಿಲ್ಲ. ಒಣಗಿದ ಒಳ್ಳೆಯ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಎರಡನ್ನೂ ಒಟ್ಟಿಗೆ, ಕ್ರಮವಾಗಿ ಬಿಗಿಯುತ್ತ ಹಿಡಿಯಬೇಕು. ಮರಳಿನ ಮೇಲೆ, ತಿರುವಿನಲ್ಲಿ, ಒದ್ದೆಯ ನೆಲದಲ್ಲಿ ಮಾತ್ರ ಕೈ ಹಗುರಾಗಿರಬೇಕು. ಚಕ್ರ ಬಿಗಿದು ಜಾರದಂತೆ ತಡೆಯುವ ಸಾಧನವೊಂದು ಈಗ ಬಂದಿದೆ. 125 ಘನ ಸೆಂಟಿಮೀಟರಿಗಿಂತ ದೊಡ್ಡ ಎಂಜಿನ್ನಿನ ಹೊಸ ಗಾಡಿಗಳಿಗೆಲ್ಲ 2019ರಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯವಾಗಿದೆ.

ಸ್ಕೂಟರಿನ ವಿಷಯವನ್ನು ಹೇಳದಿದ್ದರೆ ಅದಕ್ಕೆ ಅನ್ಯಾಯವಾದೀತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇಟಲಿಯ ಪಿಯಾಜಿಯೊ ಕಂಪೆನಿ ವೆಸ್ಪಾ ಎಂಬ ಸ್ಕೂಟರನ್ನು ಹೊರತಂದಿತು. ಅದನ್ನು ರೂಪಿಸಿದ ಕೊರಾದಿನೊ ದಾಸ್ಕಾನಿಯೊ ವಿಮಾನಗಳ ಎಂಜಿನಿಯರು. ಆತನಿಗೆ ಮೋಟಾರು ಸೈಕಲ್ಲೆಂದರೆ ಆಗುತ್ತಿರಲಿಲ್ಲವಂತೆ. ಬಟ್ಟೆಗೆ ಮಸಿ ಬಳಿಯುವ ಚೈನನ್ನು ಕಿತ್ತುಹಾಕಿ, ಎಂಜಿನ್ನನ್ನು ಮುಚ್ಚಿ, ಗೇರನ್ನು ಕೈಗೆ ತಂದು, ಕಾಲಿಡಲು ಮಣೆಯಂತಹ ಜಾಗವನ್ನು ಮಾಡಿದನು. ವೆಸ್ಪಾ ಎಂದರೆ ಇಟಲಿಯ ಭಾಷೆಯಲ್ಲಿ ಕಣಜ. 1972ರಲ್ಲಿ ನಮ್ಮಲ್ಲಿ ಬಂದ ಬಜಾಜ್ ಚೇತಕ್ ಆ ಕಣಜದ ವಂಶದ್ದೇ. ಅದರ ಹೆಸರು ಮಾತ್ರ ರಾಣಾ ಪ್ರತಾಪನ ಕುದುರೆಯದು. ಆ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಕ್ಷಣಕಾಲ ಧ್ಯಾನಿಸಿ, ಆಮೇಲೆ ಒದೆಯುತ್ತಿದ್ದ ಗೃಹಸ್ಥರನ್ನು ನಾನು ಪ್ರತಿದಿನವೂ ಕಾಣುತ್ತಿದ್ದೆ. ಪೆಟ್ರೋಲು ಕಾರ್ಬುರೇಟರಿಗೆ ಚೆನ್ನಾಗಿ ಹರಿಯಲಿ ಎಂಬುದು ಅದರ ಉದ್ದೇಶ. ಮುಂದೆ ನಿಂತ ಒಂದು ಮಗು, ಹಿಂದೆ ಹೆಂಡತಿ, ನಡುವೆ ಇನ್ನೊಂದು ಮಗು, ಕೊಕ್ಕೆಯಲ್ಲಿ ತರಕಾರಿಯ ಚೀಲ: ಒಂದು ಕುಟುಂಬದ ಗಣತಿಯನ್ನೇ ಅದರ ಮೇಲೆ ಮಾಡಬಹುದಾಗಿತ್ತು. ಅದು ನೋಡಲು ಚೆನ್ನಾಗಿತ್ತೆಂಬುದು ನಿಜ; ಕ್ಷೇಮವಾಗಿತ್ತೆಂದು ಹೇಳಲಾರೆ.

ನಮ್ಮ ಅಮ್ಮ ಜಾವಾದ ಹಿಂದೆ ಕುಳಿತುಕೊಳ್ಳುತ್ತಿದ್ದುದು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು. ಹೊರಡುವ ಮುನ್ನ ತಂದೆಯವರು, "ಸೆರಗು?" ಎನ್ನುತ್ತಿದ್ದರು. ಅಮ್ಮ ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, "ಆಯಿತು, ಹೊರಡಿ" ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ಈ ಪ್ರಶ್ನೋತ್ತರ ತಪ್ಪಲಿಲ್ಲ. ಸೀರೆಯ ಸೆರಗೋ ದುಪ್ಪಟ್ಟವೋ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಬಟ್ಟೆ ಹರಿಯುವುದಕ್ಕೆ ಮೊದಲು ಮನುಷ್ಯರು ಬೀಳುತ್ತಾರೆ. ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಾಗದಂತೆ ಒಂದು ಮರೆಯಿರಬೇಕೆಂದು ನಮ್ಮ ದೇಶದ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅಂದಕ್ಕೆ ಕುಂದೆಂದು ಅದನ್ನು ಬಿಚ್ಚಿಹಾಕುವ ಯುವಕರಿದ್ದಾರೆ. ಅವರ ಗಾಡಿಯ ಹಿಂದೆ ಅವರ ತಾಯಿಯೋ ತಂಗಿಯೋ ಕುಳಿತುಕೊಳ್ಳುವ ದಿನವೂ ಇರುತ್ತದೆ.

1984ರ ಜನವರಿಯಲ್ಲಿ, ಸಂಕ್ರಾಂತಿಗೆ ನಾಲ್ಕೈದು ದಿನಗಳಿದ್ದಾಗ, ತಂದೆಯವರು ಬಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಹುರುಳಿ, ರಾಗಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡುವ ವಾಡಿಕೆಯುಂಟು. ಓಡಾಡುವ ಲಾರಿ ಬಸ್ಸುಗಳೇ ಅದನ್ನು ಒಕ್ಕಿಕೊಡುತ್ತವೆ. ಕಣ ಮಾಡಿ, ಸಗಣಿ ಸಾರಿಸಿ, ರೋಣಗಲ್ಲನ್ನು ಎಳೆಸುವ ಶ್ರಮವನ್ನು ಉಳಿಸಿಕೊಳ್ಳುವ ರೈತನನ್ನು ನಾನು ದೂಷಿಸಲಾರೆ. ಆದರೆ ನಾಲ್ಕು ಚಕ್ರದವನಿಗೆ ಮೆತ್ತಗಿರುವ ಆ ಹುಲ್ಲಿನ ಹಾಸು ಎರಡು ಚಕ್ರದವನಿಗೆ ಎಣ್ಣೆ ಸುರಿದ ನೆಲ. ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ತಂದೆಯವರು ಹುರುಳಿಯ ಹಾಸಿನ ಮೇಲೆ ಹೋಗಲೇಬೇಕಾಯಿತು. ಅವರ ವೇಗ ಹೆಚ್ಚಾಗಿರಲಿಲ್ಲ. ಮುಂದಿನ ಚಕ್ರ ಪಕ್ಕಕ್ಕೆ ಸರಿಯಿತು; ಗಾಡಿ ಒಂದು ಕಡೆ, ಅವರು ಒಂದು ಕಡೆ. ತಲೆ ರಸ್ತೆಯ ಪಕ್ಕದ ಮೈಲಿಗಲ್ಲಿಗೆ ಬಡಿಯಿತು.

ಆ ತಲೆಯ ಮೇಲೆ ಹೆಲ್ಮೆಟ್ಟು ಇತ್ತು. ಹೆಲ್ಮೆಟ್ಟು ಹಾಕಿಕೊಂಡವರನ್ನು ಆಗ ನಮ್ಮ ಬೀದಿಯಲ್ಲಿ ಮಕ್ಕಳು ಬೆರಳು ಮಾಡಿ ತೋರಿಸುತ್ತಿದ್ದರು. ಶಾಲೆಯ ಹುಡುಗರು ತಂದೆಯವರಿಗೆ "ಕುಂಬಳಕಾಯಿ ಮೇಷ್ಟ್ರು" ಎಂದು ಹೆಸರಿಟ್ಟಿದ್ದರೆಂಬುದು ಅವರಿಗೂ ಗೊತ್ತಿತ್ತು. ಮಂಡಿ ತರಚಿತು, ಮುಂಗೈಯ ಮೂಳೆ ಬಿರುಕುಬಿಟ್ಟಿತು. ಹಳ್ಳಿಯವರೇ ಎತ್ತಿ ಕೂರಿಸಿ, ನೀರು ಕೊಟ್ಟು, ಗಾಡಿಯನ್ನು ಒಬ್ಬರ ಕೊಟ್ಟಿಗೆಯಲ್ಲಿಟ್ಟು, ಬಸ್ಸಿನಲ್ಲಿ ಅವರನ್ನು ಮೈಸೂರಿಗೆ ಕರೆತಂದರು. ಮನೆಗೆ ಬಂದ ಮೇಲೆ ಹೆಲ್ಮೆಟ್ಟನ್ನು ನಾವೆಲ್ಲ ತಿರುಗಿಸಿ ನೋಡಿದೆವು. ಕಿವಿಯ ಮೇಲ್ಭಾಗದಲ್ಲಿ ಕೂದಲೆಳೆಯಂತಹ ಒಂದು ಬಿರುಕು. ಒಳಗಿನ ಥರ್ಮೋಕೋಲು ಆ ಜಾಗದಲ್ಲಿ ಹೆಬ್ಬೆರಳು ಒತ್ತಿದಂತೆ ಒಳಕ್ಕೆ ಕುಸಿದಿತ್ತು. "ನನ್ನ ತಲೆ ಕುಸಿಯಬೇಕಾಗಿದ್ದುದನ್ನು ಇದು ಕುಸಿದುಕೊಂಡಿದೆ" ಎಂದರು ತಂದೆಯವರು. ಅಮ್ಮ ಏನೂ ಹೇಳದೆ ಒಳಗೆ ಹೋದರು.

ಹೊರಗೆ ಅಷ್ಟೇನೂ ಕೆಟ್ಟು ಕಾಣದ ಆ ಹೆಲ್ಮೆಟ್ಟನ್ನು ತನಗೆ ಕೊಡಿರೆಂದು ಹಾಲು ತರುವ ಹುಡುಗ ಕೇಳಿದ. ತಂದೆಯವರು ಕತ್ತರಿಯನ್ನು ತರಿಸಿ, ಗದ್ದದ ಕೆಳಗೆ ಕಟ್ಟುವ ಅದರ ಪಟ್ಟಿಯನ್ನು ಎರಡಾಗಿ ಕತ್ತರಿಸಿಹಾಕಿದರು. ಹುಡುಗನ ಮುಖ ಸಣ್ಣದಾಯಿತು. ಥರ್ಮೋಕೋಲು ಒಂದು ಪೆಟ್ಟಿಗೆ ಮಾತ್ರ ಮೀಸಲಾದ ವಸ್ತುವೆಂದೂ, ಒಮ್ಮೆ ಕುಸಿದ ಜಾಗ ಮತ್ತೆ ಉಬ್ಬುವುದಿಲ್ಲವೆಂದೂ, ಎರಡನೆಯ ಪೆಟ್ಟನ್ನು ತಲೆಯೇ ತಿನ್ನಬೇಕಾಗುತ್ತದೆಂದೂ ಅವನಿಗೆ ಅವರು ತಿಳಿಸಿ ಹೇಳಿದರು. ಮುಂದಿನ ತಿಂಗಳ ಸಂಬಳದಲ್ಲಿ ತಮಗೊಂದು, ಅವನಿಗೊಂದು ಹೊಸ ಹೆಲ್ಮೆಟ್ಟುಗಳನ್ನು ತಂದರು.

ಹೆಲ್ಮೆಟ್ಟಿನ ಚರಿತ್ರೆಯಲ್ಲಿಯೂ ಇಂತಹ ಒಂದು ಬೀಳುವಿಕೆಯಿದೆ. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿಯ ರಸ್ತೆಯೊಂದರಲ್ಲಿ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದಾಗ, ಎದುರಿಗೆ ಸಿಕ್ಕಿದ ಸೈಕಲ್ಲಿನ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದನು. ಅವನ ತಲೆಯ ಮೇಲೆ ಯಾವ ರಕ್ಷಣೆಯೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ತೀರಿಕೊಂಡನು. ಅವನನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನಿದ್ದನು. ಮಹಾಯುದ್ಧದ ಕಾಲದಲ್ಲಿ ಸೈನ್ಯದ ಓಲೆಗಳನ್ನು ಒಯ್ಯುತ್ತಿದ್ದ ಮೋಟಾರು ಸೈಕಲ್ ಸವಾರರು ತಲೆಗೆ ಪೆಟ್ಟು ಬಿದ್ದು ಸಾಯುತ್ತಿದ್ದುದನ್ನು ಆತ ಕೂಲಂಕಷವಾಗಿ ಪರೀಕ್ಷಿಸಿ, ಹೆಲ್ಮೆಟ್ಟಿನ ಪ್ರಯೋಜನವನ್ನು ಕುರಿತು 1941ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಆ ದೇಶದ ಸಾಮಾನ್ಯ ಸವಾರರಿಗೆಲ್ಲ ಅದು ಕಡ್ಡಾಯವಾದದ್ದು 1973ರಲ್ಲಿ. ಸರಿಯಾದ ಹೆಲ್ಮೆಟ್ಟು ಸಾವಿನ ಸಂಭವವನ್ನು ನೂರಕ್ಕೆ ಸುಮಾರು 40ರಷ್ಟೂ, ತಲೆಯ ತೀವ್ರವಾದ ಗಾಯದ ಸಂಭವವನ್ನು ಸುಮಾರು 70ರಷ್ಟೂ ತಗ್ಗಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾದ ಹೆಲ್ಮೆಟ್ಟೆಂದರೆ ಐ.ಎಸ್.ಐ. ಗುರುತಿರುವ, ತಲೆಗೆ ಬಿಗಿಯಾಗಿ ಕೂರುವ, ಪಟ್ಟಿಯನ್ನು ಕಟ್ಟಿಕೊಂಡ ಹೆಲ್ಮೆಟ್ಟು. ಪಟ್ಟಿ ಕಟ್ಟದ ಹೆಲ್ಮೆಟ್ಟು ಬೀಳುವಾಗ ಸವಾರನಿಗಿಂತ ಮೊದಲು ತಾನೇ ಹಾರಿಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದ. ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿದ್ದ. ಗಾಳಿಪಟ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಸಂಜೆ ತಂದೆಯ ಗಾಡಿಯನ್ನು ತೆಗೆದುಕೊಂಡು ಅಂಗಡಿಯಿಂದ ಕಾಫಿಪುಡಿ ತರಲು ಹೋದ. ಅಂಗಡಿ ಮನೆಯಿಂದ ಒಂದು ಕಿಲೋಮೀಟರು ಸಹ ಇರಲಿಲ್ಲ. ಅಷ್ಟು ಹತ್ತಿರಕ್ಕೆ ಏಕೆಂದು ಹೆಲ್ಮೆಟ್ಟು ಅವನ ಮೊಳಕೈಗೆ ನೇತಾಡುತ್ತಿತ್ತು. ತಿರುವಿನಲ್ಲಿ ಒಂದು ನಾಯಿ ಅಡ್ಡ ಬಂತು. ಗಾಡಿಯನ್ನು ಮರುದಿನ ಮನೆಗೆ ತಂದಾಗ ನಾನೂ ನೋಡಿದೆ. ಕಾಲಿಡುವ ಕಂಬಿ ಸ್ವಲ್ಪ ಬಾಗಿತ್ತು. ಟ್ಯಾಂಕಿನ ಮೇಲೆ ಎರಡು ಗೀರುಗಳಿದ್ದವು. ಹೆಲ್ಮೆಟ್ಟಿಗೆ ಒಂದು ಗೀರೂ ಇರಲಿಲ್ಲ. ಹುಡುಗ ಮಾತ್ರ ಇರಲಿಲ್ಲ. ಅವನ ತಂದೆ ಬಹಳ ದಿನಗಳ ಮೇಲೆ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಅವನು ಜೋರಾಗಿ ಹೋಗುವವನಲ್ಲ" ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ನಮ್ಮ ತಂದೆಯವರಲ್ಲಿ ಯಾವ ಉತ್ತರವೂ ಇರಲಿಲ್ಲ.

ಆ ವರ್ಷ ತಂದೆಯವರು ತರಗತಿಯಲ್ಲಿ ಒಂದು ಲೆಕ್ಕವನ್ನು ಮಾಡಿಸತೊಡಗಿದರು. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಯಾವುದನ್ನಾದರೂ ಕಂಡು, ತಿಳಿದು, ಕೈ ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡು ಕಳೆಯಿತೆಂದರೆ ಗಾಡಿ ಆಗಲೇ 10 ಮೀಟರು ಮುಂದೆ ಹೋಗಿರುತ್ತದೆ. ಬ್ರೇಕು ಇನ್ನೂ ಆರಂಭವಾಗಿಯೇ ಇಲ್ಲ. ಅದೇ ವೇಗದಲ್ಲಿ ಒಂದು ಗೋಡೆಗೆ ಬಡಿಯುವುದೂ, ಸುಮಾರು 5 ಮೀಟರು ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ವೇಗವನ್ನು ಎರಡರಷ್ಟು ಮಾಡಿ 72 ಕಿಲೋಮೀಟರಿನಲ್ಲಿ ಹೋದರೆ ಆ ಎತ್ತರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ: 20 ಮೀಟರು. ಆರು ಅಂತಸ್ತಿನ ಕಟ್ಟಡದ ಮೇಲೆ ನಿಂತು ಕೆಳಗೆ ನೋಡಿದರೆ ಯಾರಿಗಾದರೂ ಕಾಲು ನಡುಗುತ್ತದೆ. ಅದೇ ಎತ್ತರವನ್ನು ರಸ್ತೆಯ ಮೇಲೆ ಅಡ್ಡಲಾಗಿ ಮಲಗಿಸಿಟ್ಟರೆ ನಮಗೆ ಹೆದರಿಕೆಯಾಗುವುದಿಲ್ಲ. ನಮ್ಮ ಕಣ್ಣಿಗೆ ಎತ್ತರದ ಭಯವಿದೆ, ವೇಗದ ಭಯವಿಲ್ಲ. ನಡೆಯುವುದಕ್ಕೂ ಓಡುವುದಕ್ಕೂ ಹುಟ್ಟಿದ ಪ್ರಾಣಿಗೆ ಅದು ಬಂದೀತಾದರೂ ಹೇಗೆ?

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರೆಂದು ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ದ್ವಿಚಕ್ರ ವಾಹನಗಳಲ್ಲಿದ್ದವರದು. ಹೆಲ್ಮೆಟ್ಟು ಧರಿಸದೆ ಸತ್ತವರೇ ಸುಮಾರು 50,000. ಇಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ನಾಟುವುದಿಲ್ಲ. ಕಾಫಿಪುಡಿ ತರಲು ಹೋದ ಒಬ್ಬ ಹುಡುಗನ ಮುಖ ನನಗೆ ಚೆನ್ನಾಗಿ ನಾಟಿದೆ.

ಈ ಪಾಠವನ್ನು ಓದುತ್ತಿರುವ ನಿಮಗೆ ಇನ್ನೂ ವಾಹನ ನಡೆಸುವ ವಯಸ್ಸಾಗಿಲ್ಲ. ಗೇರಿರುವ ವಾಹನಕ್ಕೆ 18 ವರ್ಷ ತುಂಬಿರಬೇಕು. ಆ ವಯಸ್ಸಿಗೆ ಮುಂಚೆ ಮಕ್ಕಳು ಗಾಡಿ ನಡೆಸಿ ಅಪರಾಧವಾದರೆ ತಂದೆತಾಯಿಗಳಿಗೋ ಗಾಡಿಯ ಒಡೆಯರಿಗೋ ಮೂರು ವರ್ಷಗಳವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಲು 2019ರ ತಿದ್ದುಪಡಿ ಅವಕಾಶ ಮಾಡಿದೆ. ಕಾನೂನಿನ ಮಾತು ಹಾಗಿರಲಿ. ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವ ವಯಸ್ಸು ನಿಮಗೆ ಎಂದೋ ಆಗಿದೆ. ಹಿಂದೆ ಕುಳಿತವನೂ ವಾಹನದ ಅಂಗವೇ. ತಿರುವಿನಲ್ಲಿ ಸವಾರ ವಾಲಿದ ಕಡೆಗೆ ತಾನೂ ವಾಲಬೇಕು. ಹೆದರಿ ಎದುರು ಕಡೆಗೆ ವಾಲಿದರೆ ಸಮತೋಲ ಕೆಡುತ್ತದೆ. ಅವನಿಗೂ ಹೆಲ್ಮೆಟ್ಟು ಬೇಕು. ಮುಂದೆ ಕುಳಿತವನ ತಲೆಯೂ ಹಿಂದೆ ಕುಳಿತವನ ತಲೆಯೂ ಬೀಳುವುದು ಒಂದೇ ರಸ್ತೆಯ ಮೇಲೆ.

ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಊರಿನ ಬೇರೆ ಬೇರೆ ಕಡೆ ಚದುರಿಹೋದರು. ಬಿಡಿಭಾಗಗಳು ಸಿಗುವುದು ಕಷ್ಟವಾದಾಗ ಮೈಸೂರು ಬೆಂಗಳೂರುಗಳ ಲೇತ್ ಕೆಲಸದವರು ಹಳೆಯದನ್ನು ನೋಡಿ ಹೊಸದನ್ನು ಕಡೆದುಕೊಡುತ್ತಿದ್ದರು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಬೇರೆಯ ಕಂಪೆನಿಯೊಂದರ ಗಾಡಿಗಳ ಮೇಲೆ ಮತ್ತೆ ಬಂದಿವೆ. ಅವು ನಾಲ್ಕು ಸ್ಟ್ರೋಕಿನವು. ಎಣ್ಣೆ ಬೆರೆಸಬೇಕಾಗಿಲ್ಲ, ಹಿಂದೆ ನೀಲಿಯ ಹೊಗೆಯಿಲ್ಲ. ನಮ್ಮ ಹಳೆಯ ಜಾವಾ ಇನ್ನೂ ಇದೆ. ವಾರಕ್ಕೊಮ್ಮೆ ಅದನ್ನು ಚಾಲು ಮಾಡುತ್ತೇನೆ. ಕಾರ್ಬುರೇಟರಿನ ಗುಂಡಿಯನ್ನು ಎಷ್ಟು ಒತ್ತಬೇಕೆಂಬುದು ಈಗ ನನ್ನ ಬೆರಳಿಗೂ ಗೊತ್ತು.

ನನ್ನ ತಂಗಿಯ ಮಗಳು ಕಳೆದ ವರ್ಷ ವಿದ್ಯುತ್ ಸ್ಕೂಟರೊಂದನ್ನು ಕೊಂಡಳು. ಅದಕ್ಕೆ ಪ್ಲಗ್ಗಿಲ್ಲ, ಸೈಲೆನ್ಸರಿಲ್ಲ, ಸದ್ದೇ ಇಲ್ಲ. ಅದನ್ನು ನಮ್ಮ ಹಳೆಯ ಮೇಸ್ತ್ರಿಗೆ ತೋರಿಸಬೇಕೆಂದು ಒಂದು ದಿನ ಅವಳನ್ನು ಕರೆದುಕೊಂಡು ಹೋದೆ. ಅಂಗಡಿಯನ್ನು ಈಗ ಅವನ ಮೊಮ್ಮಗ ನೋಡಿಕೊಳ್ಳುತ್ತಾನೆ. ಮುದುಕ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾನೆ. ಅವಳು ಸ್ಕೂಟರನ್ನು ಚಾಲು ಮಾಡಿದಳು. ಅವನು ಅಭ್ಯಾಸದಂತೆ ತಲೆಯನ್ನು ಒಂದು ಕಡೆಗೆ ವಾಲಿಸಿ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಬಂದು, ಎರಡು ಬ್ರೇಕುಗಳನ್ನೂ ಒಂದೊಂದಾಗಿ ಹಿಡಿದು ನೋಡಿದ. ಆಮೇಲೆ ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕುಳಿತು ಹಿಂದಿನ ಟೈರಿನ ಮೇಲೆ ಹೆಬ್ಬೆರಳನ್ನು ಎಳೆದ.

"ಗೀರು ಸವೆದುಹೋಗಿದೆ, ತಾಯಿ. ಮಳೆ ಹಿಡಿಯುವುದರೊಳಗೆ ಬದಲಾಯಿಸಿಬಿಡು" ಎಂದ.

ಅವಳು ಆ ಶನಿವಾರವೇ ಬದಲಾಯಿಸಿದಳು.